ಮೂಲೆ ಒಡೆದ ಚಪ್ಪಡಿ

ನಾನು ಮನೆ ಬಿಚ್ಚುವವನು. ಕೆಡವುವವನಲ್ಲ. ಈ ಎರಡರ ವ್ಯತ್ಯಾಸ ತಿಳಿಯದವರ ಜೊತೆ ನಾನು ಹೆಚ್ಚು ಮಾತಾಡುವುದಿಲ್ಲ. ಹಾಗಾಗಿ ನನಗೆ ಸ್ನೇಹಿತರು ಕಡಿಮೆ.

ಕೆಡವುವುದಕ್ಕೆ ಒಂದು ಜೆಸಿಬಿ ಸಾಕು. ಬಿಚ್ಚಬೇಕಾದರೆ ಆ ಮನೆ ಕಟ್ಟಿದವನ ತಲೆಯೊಳಗೆ ಹೋಗಬೇಕು. ಅವನು ಕೊನೆಗೆ ಇಟ್ಟಿದ್ದನ್ನು ನಾನು ಮೊದಲು ತೆಗೆಯಬೇಕು. ಹೆಂಚು, ಆಮೇಲೆ ರೀಪು, ತೊಲೆ, ಬಾಗಿಲು, ಕಿಟಕಿ, ಗೋಡೆ, ಕಡೆಗೆ ನೆಲದ ಚಪ್ಪಡಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಹಾರೆಯ ತುದಿ ಮುಟ್ಟಿಸಿದರೆ ಸಾಕು, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟಿನ ಗೋಡೆ ಹಾಗಲ್ಲ. ಇಟ್ಟಿಗೆ ಒಡೆದರೂ ಸಿಮೆಂಟು ಅದನ್ನು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಈಗ ಏಳುತ್ತಿರುವ ಕಟ್ಟಡಗಳೆಲ್ಲ ಅಂಥವೇ. ನಾಳೆ ಅವುಗಳ ಹತ್ತಿರ ಹಾರೆ ಹಿಡಿದು ಹೋಗುವವನಿಗೆ ಸಿಗುವುದು ಧೂಳು ಮಾತ್ರ.

ಏಳನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಇದನ್ನು ಹೇಳಿದ ಕೂಡಲೇ ಕೆಲವರು ಬಡತನವೆಂದುಕೊಂಡು ಮುಖ ಸಣ್ಣದು ಮಾಡುತ್ತಾರೆ. ಬಡತನವಲ್ಲ, ಬೇಸರ. ಮೇಷ್ಟ್ರು ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತಿದ್ದರು. ಹೊರಗೆ ಆಳುಗಳು ಶಾಲೆಯ ಹಳೆಯ ಕೊಠಡಿಯ ಹೆಂಚು ಇಳಿಸುತ್ತಿದ್ದರು. ಒಬ್ಬ ಮೇಲಿನಿಂದ ಬಿಡುತ್ತಿದ್ದ, ಕೆಳಗಿನವನು ನೋಡದೆಯೇ ಹಿಡಿಯುತ್ತಿದ್ದ. ಕಿಟಕಿಯಿಂದ ಅದನ್ನೇ ನೋಡುತ್ತಿದ್ದೆ. ಒಂದು ದಿನ ನೀರು ಕುಡಿಯಲು ಹೊರಗೆ ಹೋದವನು ಒಳಗೆ ಬರಲಿಲ್ಲ. ಇವತ್ತು ಚಿಕ್ಕಬಳ್ಳಾಪುರ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಹಳೇ ಬಾಗಿಲು, ಕಂಬ, ಕಲ್ಲು ಜೋಡಿಸಿಟ್ಟ ದೊಡ್ಡ ಜಾಗ ಕಂಡರೆ ಅದು ನನ್ನದು.

ಅಲ್ಲಿಗೆ ಎರಡು ಜಾತಿಯ ಜನ ಬರುತ್ತಾರೆ. ಒಂದು, ಬೆಂಗಳೂರಿನ ಹೋಟೆಲಿನವರು. ಇವರು ಬಾಗಿಲು ಕೊಂಡು ಗೋಡೆಗೆ ಹೊಡೆಯುತ್ತಾರಂತೆ. ತೆಗೆಯುವುದಕ್ಕಲ್ಲ, ಹಾಕುವುದಕ್ಕಲ್ಲ, ಊಟ ಮಾಡುವಾಗ ನೋಡುವುದಕ್ಕೆ. ಕಪ್ಪು ಕನ್ನಡಕದ ಹೆಂಗಸೊಬ್ಬಳು ಒಂದು ಬಾಗಿಲ ಮೇಲೆ ಬೆರಳಾಡಿಸಿ, "ಇದಕ್ಕಿಂತ ಹಳೇದು ಇಲ್ವಾ?" ಎಂದಳು. "ಮುಂದಿನ ವರ್ಷ ಬನ್ನಿ ಮೇಡಂ, ಇದೇ ಇನ್ನೂ ಹಳೇದಾಗಿರುತ್ತೆ" ಎಂದೆ. ಅವಳು ಡ್ರೈವರಿಗೆ ಅದನ್ನು ಬರೆದುಕೊಳ್ಳಲು ಹೇಳಿದಳು.

ಇನ್ನೊಂದು ಜಾತಿ ನಮ್ಮ ಸುತ್ತಮುತ್ತಲ ಹಳ್ಳಿಯವರದು. ಇವರು ಕೊಳ್ಳುವುದಿಲ್ಲ. ಗೇಟಿನ ಹತ್ತಿರ ಬೈಕು ನಿಲ್ಲಿಸಿ, ತೇಗದ ತೊಲೆಗಳನ್ನು ಕಣ್ಣಲ್ಲೇ ಅಳೆದು, "ಕಿತ್ತ ಮನೆ ಸಾಮಾನು" ಎಂದು ಉಗುಳಿ ಹೋಗುತ್ತಾರೆ. ಒಬ್ಬರ ಮನೆ ಬಿದ್ದಿದ್ದರೆ ಆ ಬಿದ್ದ ಯೋಗ ಅದರ ಕಲ್ಲು ಮರಗಳಲ್ಲಿ ಉಳಿದಿರುತ್ತದಂತೆ. ಹೊಸ ಕಟ್ಟಡಕ್ಕೆ ಅದನ್ನು ತಂದರೆ ಅದೂ ಬೀಳುತ್ತದಂತೆ. ಹೀಗೆ ಹೇಳಿದವರು ಮನೆಗೆ ಹೋಗಿ, ಮೂರು ಮಳೆಗಾಲ ತಡೆಯದ ಪ್ಲೈವುಡ್ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ.

ನಮ್ಮ ಕಡೆಯ ಬೆಟ್ಟಗಳು ಬೆಳಗ್ಗೆ ಲಾರಿ ಹತ್ತಿ ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಬೆಂಗಳೂರಿಗೆ ಹೋಗುತ್ತವೆ. ಮೊದಲು ಆ ಲಾರಿಗಳು ಖಾಲಿ ಬರುತ್ತಿದ್ದವು. ಈಗ ಅಲ್ಲಿ ಕೆಡವಿದ ಮನೆಗಳ ಅವಶೇಷ ತುಂಬಿಕೊಂಡು ಬರುತ್ತವೆ. ಬೆಟ್ಟವಾಗಿ ಹೋದದ್ದು ಕಸವಾಗಿ ಹಿಂದಿರುಗುತ್ತದೆ, ಅದೂ ಅದೇ ಲಾರಿಯಲ್ಲಿ. ಇದನ್ನೆಲ್ಲ ಪುಡಿ ಮಾಡಿ ಮತ್ತೆ ಇಟ್ಟಿಗೆ ಹಾಕುವ ಕಾರ್ಖಾನೆ ನಗರದ ಹೊರಗೆ ಇದೆ. ಒಳ್ಳೆಯದೇ. ಸಿಮೆಂಟಿನ ಗೋಡೆಗೆ ಬೇರೆ ಗತಿ ಇಲ್ಲ. ಆದರೆ ಅದರ ಗೇಟಿನಲ್ಲಿ ಮರ ಬೇರೆ, ಕಬ್ಬಿಣ ಬೇರೆ, ಪ್ಲಾಸ್ಟಿಕ್ಕು ಬೇರೆ ಮಾಡಿ ತನ್ನಿ ಅನ್ನುತ್ತಾರೆ. ಬೇರೆ ಮಾಡುವುದೆಂದರೆ ಮೈ ಬಗ್ಗಿಸಬೇಕು. ನಮ್ಮ ಹಳ್ಳಿಗಳಲ್ಲಿ ಯಾರೂ ಏನೂ ಕೇಳುವುದಿಲ್ಲ. ತಗ್ಗು ಜಾಗ ಪುಕ್ಕಟೆ ತುಂಬುತ್ತದೆಂದು ಟವೆಲು ಬೀಸಿ ಕರೆಯುತ್ತಾರೆ. ಅದಕ್ಕೊಂದು ಮರ್ಯಾದೆಯ ಹೆಸರನ್ನೂ ಇಟ್ಟಿದ್ದಾರೆ, ಸಿಟಿ ಮಣ್ಣು ಎಂದು.

ಹಾಗೆ ಟವೆಲು ಬೀಸಿದವರಲ್ಲಿ ಒಬ್ಬರು ನನ್ನ ಅಕ್ಕನ ಮಾವ.

ಅಕ್ಕನನ್ನು ಕೆಂಚಾರ್ಲಹಳ್ಳಿ ಹತ್ತಿರದ ಒಂದು ಊರಿಗೆ ಕೊಟ್ಟಿದೆ. ಹಿಪ್ಪುನೇರಳೆ ತೋಟವಿರುವ, ರೇಷ್ಮೆ ಹುಳು ಸಾಕುವ ಮನೆ. ಬೇರೆಯವರು ಹುಳುವಿಗೆ ಬೇರೆ ಕಟ್ಟಡ ಕಟ್ಟಿ ಎಷ್ಟೋ ಕಾಲವಾಯಿತು. ಇವರ ಮನೆಯಲ್ಲಿ ಮಾತ್ರ ಹುಳು ನಡುಮನೆಯಲ್ಲೇ. ಹುಳುವಿನ ಬೆಳೆ ಇರುವಷ್ಟು ದಿನ ಮನುಷ್ಯರು ಜಗಲಿಯಲ್ಲಿ ಮಲಗಬೇಕು. ಅದಕ್ಕಿಂತ ಹೆಚ್ಚಾಗಿ, ಹುಳುವಿಗೆ ಘಾಟು ಆಗದು, ಹೊಗೆ ಆಗದು. ಹಾಗಾಗಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಅಕ್ಕ ಮದುವೆಯಾಗಿ ಬಂದಾಗಿನಿಂದ ಹಿತ್ತಲಲ್ಲಿ, ಹಸುವಿನ ಕೊಟ್ಟಿಗೆಯ ಪಕ್ಕದಲ್ಲಿ, ಒಂದು ತಗಡಿನ ಮರೆಯಲ್ಲಿ ಸಾರಿಗೆ ಒಗ್ಗರಣೆ ಕೊಟ್ಟು ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಒಳಗೆ ತರುತ್ತಿದ್ದಳು. ವರ್ಷಕ್ಕೆ ಬೆಳೆಯ ಮೇಲೆ ಬೆಳೆ. ಅವಳ ಅಡುಗೆಮನೆ ಅವಳದಾಗಿರುತ್ತಿದ್ದುದು ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಮಾತ್ರ.

"ನೋಡೋ, ನಂಗೆ ಒಡ್ವೆ ಬೇಡ, ಸೀರೆ ಬೇಡ" ಎಂದು ಒಮ್ಮೆ ನನ್ನೆದುರು ಹೇಳಿದ್ದಳು. "ನನ್ನ ಒಲೆ ಮುಂದೆ ನಿಂತ್ಕೊಂಡು ಒಣಮೆಣಸಿನಕಾಯಿ ಹಾಕಿ ಚೊಯ್ ಅನ್ನಿಸ್ಬೇಕು. ಅಷ್ಟೆ. ಕೆಮ್ಮಿದ್ರೆ ಮನೆಯೋರು ಕೆಮ್ಲಿ. ನಾನು ಹುಳದ ಮನೇಗೆ ಬಾಡಿಗೆಗೆ ಬಂದಂಗೆ ಆಗೈತಲ್ಲೋ."

ಭಾವ ಹಾಲಿನ ಡೈರಿಯಲ್ಲಿ ಕೆಲಸದಲ್ಲಿದ್ದಾನೆ. ಒಳ್ಳೆಯವನು. ಅಪ್ಪ ಇರುವ ಕಡೆ ಬಾಯಿ ಬಿಡುವುದಿಲ್ಲ, ಮತ್ತು ಅಪ್ಪ ಎಲ್ಲ ಕಡೆಯೂ ಇರುತ್ತಾರೆ. ಹಾಗಾಗಿ ಅಕ್ಕನೇ ಮಾವನ ಬೆನ್ನು ಬಿದ್ದು, ವರ್ಷಗಟ್ಟಲೆ ಹೇಳಿ ಹೇಳಿ, ತೋಟದ ಅಂಚಿನಲ್ಲಿ ಹುಳುಮನೆ ಕಟ್ಟಲು ಒಪ್ಪಿಸಿದಳು. ಒಪ್ಪಿದ್ದಕ್ಕೂ ಅವರು ಒಂದು ಕೊಕ್ಕೆ ಇಟ್ಟರು.

"ಕಟ್ಸಣ. ಒಂದು ಬೆಳೆ ನೋಡ್ತೀನಿ. ಆ ಬೆಳೆ ಏನಾದ್ರೂ ಕೆಡ್ತೋ, ಹುಳ ವಾಪಸ್ ನಡುಮನೇಗೆ ಬರ್ತದೆ. ಆ ಕಟ್ಟಡದಾಗೆ ಹಸ ಕಟ್ತೀನಿ. ಆಮೇಲೆ ಯಾರೂ ನನ್ನ ಕೇಳಂಗಿಲ್ಲ ಕಣಮ್ಮ."

ಆ ಸಮಯಕ್ಕೆ ನಾನು ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಒಂದು ಮನೆ ಬಿಚ್ಚುತ್ತಿದ್ದೆ. ಆ ಮನೆಯ ಮಾಲೀಕ ಮೊದಲು ನನ್ನನ್ನು ಕರೆಯಲು ತಯಾರಿರಲಿಲ್ಲ. "ಜೆಸಿಬಿ ಬುಕ್ ಮಾಡಿದೀನಿ, ಬೇಗ ಆಗ್ಬೇಕು" ಎಂದ.

"ಇದು ನಿಮ್ಮ ತಾತ ಕಟ್ಟಿಸಿದ್ದಲ್ವಾ ಸಾರ್?"

"ಹೂಂ."

"ಅವರು ಎಷ್ಟು ಬೇಗ ಕಟ್ಟಿಸಿದ್ರು?"

ಅವನು ಫೋನು ನೋಡಿಕೊಂಡ. ಕಡೆಗೆ ಅವನು ಸೋತದ್ದು ನನ್ನ ಮಾತಿಗಲ್ಲ, ಗಲ್ಲಿಗೆ. ಜೆಸಿಬಿ ತಿರುವಿನಲ್ಲಿ ಸಿಕ್ಕಿಕೊಂಡು ಪಕ್ಕದ ಮನೆಯ ಕಾಂಪೌಂಡು ಕಿತ್ತಿತು. ಅದಕ್ಕೇ ನನ್ನನ್ನು ಕರೆಸಿದ. ಓದಿದವರ ಜೊತೆ ವ್ಯವಹಾರ ಮಾಡುವಾಗ ಗಲ್ಲಿ ಚಿಕ್ಕದಾಗಿರಬೇಕು.

ಆ ಮನೆಯ ನೆಲಕ್ಕೆ ಕಲ್ಲಿನ ಚಪ್ಪಡಿ ಹಾಸಿದ್ದರು. ಮೇಲೆ ಕಾಲು ತಾಗಿ ತಾಗಿ ನುಣ್ಣಗಾಗಿದ್ದವು. ತಿರುಗಿಸಿ ನೋಡಿದೆ, ಕೆಳಗಡೆ ಉಳಿಯ ಏಟು ಇನ್ನೂ ಹೊಸದಾಗಿತ್ತು. ತೆಳು ಗುಲಾಬಿ ಬಣ್ಣ, ನಡುವೆ ಕಪ್ಪು ಚುಕ್ಕೆ. ನಮ್ಮ ಕಡೆಯ ಬೆಟ್ಟದ ಕಲ್ಲು. ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದೇ ಒಂದನ್ನೂ ಮುಕ್ಕಾಗಿಸದೆ ಎಬ್ಬಿಸಿದೆ. ಹುಳುಮನೆಯ ನೆಲ ತಣ್ಣಗಿರಬೇಕು, ತೊಳೆಯಲು ಬರಬೇಕು. ಅದಕ್ಕಿಂತ ಒಳ್ಳೆಯದು ಹುಡುಕಿದರೂ ಸಿಗದು. ಚಪ್ಪಡಿ, ಜೊತೆಗೆ ಹೆಂಚು, ಇಟ್ಟಿಗೆ, ಎಲ್ಲವನ್ನೂ ಟೆಂಪೋಗೆ ತುಂಬಿ ಅಕ್ಕನ ಊರಿಗೆ ಹೊಡೆದೆ. ಅಕ್ಕನಿಗೆ ಕೊಡುವುದು, ಅದರ ಲೆಕ್ಕ ಇಡುವವನು ನಾನಲ್ಲ.

ಅಕ್ಕನ ಮಾವ ಗೇಟಿನಲ್ಲೇ ನಿಂತಿದ್ದರು. ಎರಡು ಬೆರಳಲ್ಲಿ ನಶ್ಯ ಹಿಡಿದು, ಏರಿಸಿ, ಮೂಗು ಒರೆಸಿಕೊಂಡು ಕೇಳಿದರು.

"ಏನಪ್ಪ ಇದು?"

"ಹುಳುಮನೇಗೆ ಸಾಮಾನು ಮಾವ."

"ಯಾರ ಮನೇದು?"

"ಬೆಂಗಳೂರಲ್ಲಿ ಒಂದು ಮನೇದು."

"ಆ ಮನೆಯೋರು ಏನಾದ್ರು?"

"ಏನೂ ಆಗ್ಲಿಲ್ಲ. ಅಪಾರ್ಟ್‌ಮೆಂಟಿಗೆ ಹೋದ್ರು. ಚೆನ್ನಾಗೇ ಇದಾರೆ."

"ಚೆನ್ನಾಗಿರೋರು ಇದ್ದ ಮನೇನ ಯಾಕೆ ಕೀಳಿಸ್ತಾರೆ?"

ನಾನೂ ಅದನ್ನೇ ಕೇಳಿಕೊಂಡು ಬಂದವನು. ಆದರೆ ಇಂಥವರ ಬಾಯಲ್ಲಿ ನನ್ನ ಪ್ರಶ್ನೆ ಕೇಳಿದಾಗ ಮೈ ಉರಿಯಿತು.

"ಚಪ್ಪಡಿ ನೋಡಿ ಮಾವ, ನಮ್ಮ ಕಡೆ ಬೆಟ್ಟದ್ದೇ. ತೌರಿಗೆ ಬಂದೈತೆ ಅಂದ್ಕೊಳಿ."

"ಬಂದೈತೆ, ಗಂಡನ್ನ ನುಂಗ್ಕೊಂಡು ಬಂದೈತೆ! ಏಮಯ್ಯಾ, ಹುಳ ಅಂದ್ರೆ ಏನಂದ್ಕೊಂಡಿದೀಯ ನೀನು? ಕಿತ್ತ ಮನೆ ಕಲ್ಲಿನ ಮೇಲೆ ಹುಳ ಮೇಯಿಸ್ತೀನಾ? ಮನೆ ಹೆಂಗೆ ಬಿತ್ತೋ ಹಂಗೇ ಹುಳಾನೂ ಬೀಳ್ತದೆ."

ಭಾವ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. ಅಕ್ಕ ಬಾಗಿಲಿಗೆ ಬಂದು, "ಇಳಿಸ್ಬುಡೋ, ಆ ಹೊಂಗೆ ಮರದ ಕೆಳಗೆ, ಬೇಲಿ ಆಚೆ. ಅಲ್ಲಿದ್ರೆ ಯಾರಿಗೇನು?" ಎಂದಳು. ಮಾವ ಇನ್ನೊಂದು ಚಿಟಿಕೆ ನಶ್ಯ ಏರಿಸಿ ಒಳಗೆ ಹೋದರು. ಚಪ್ಪಡಿಗಳನ್ನು ಬೇಲಿಯ ಆಚೆ ಒರಗಿಸಿದೆ. ಹೆಂಚು ಇಟ್ಟಿಗೆ ವಾಪಸ್ ತಂದೆ. ದಾರಿಯುದ್ದಕ್ಕೂ ಹಾರನ್ ಹೊಡೆದೆ, ಯಾರೂ ಅಡ್ಡ ಇಲ್ಲದಿದ್ದರೂ.

ಅವರು ಹೊಸ ಸಾಮಾನಿನಲ್ಲೇ ಕಟ್ಟಿದರು. ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ತಗಡು. ಮಧ್ಯಾಹ್ನ ಒಳಗೆ ನಿಂತರೆ ತಲೆಯ ಮೇಲೆ ಬಾಣಲೆ ಮಗುಚಿದ ಹಾಗೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ ಅದನ್ನೊಂದು ದಾರಿಗೆ ತಂದರು. ನೆಲ ಮಾತ್ರ ತಗ್ಗಾಗಿತ್ತು, ಅದನ್ನು ಎತ್ತರಿಸಬೇಕಿತ್ತು. ಹಾಡು ಹಗಲಲ್ಲಿ ಅಕ್ಕನ ಮಾವ ರಸ್ತೆಗೆ ಹೋಗಿ ಟವೆಲು ಬೀಸಿದರು. ಸಿಟಿ ಮಣ್ಣಿನ ಲಾರಿ ನಿಂತಿತು.

"ಲೋ, ಒಂದ್ಸಲ ಬಂದು ನೋಡೋ. ಆ ಮಣ್ಣು ಏನೋ ಒಂಥರಾ ನಾತ ಹೊಡೀತದೆ" ಎಂದು ಅಕ್ಕ ಫೋನು ಮಾಡಿದಳು. ಹೋದೆ. ಹುಳುಮನೆಯ ಮುಂದೆ ಗುಡ್ಡೆ ಬಿದ್ದಿತ್ತು. ಬಚ್ಚಲಿನ ಟೈಲ್ಸಿನ ಚೂರು, ಒಡೆದ ಕಮೋಡು, ವೈರು, ಯಾರದೋ ಬಾಚಣಿಗೆ, ಪ್ಲೈವುಡ್ಡಿನ ತುಂಡುಗಳು, ಅವುಗಳ ನಡುವೆ ಎಣ್ಣೆ ಹಿಡಿದಂತಿದ್ದ ಮಣ್ಣು. ನಾನು ಹತ್ತಿರ ಹೋಗುವುದೇ ಬೇಕಿರಲಿಲ್ಲ. ಆ ವಾಸನೆಯ ಜೊತೆ ನಾನು ಇಡೀ ಆಯಸ್ಸು ಕೆಲಸ ಮಾಡಿದ್ದೇನೆ. ಗೆದ್ದಲು ಹತ್ತಬಾರದೆಂದು ನಗರದಲ್ಲಿ ಪಾಯಕ್ಕೂ ಮರಕ್ಕೂ ಸುರಿಯುವ ಔಷಧಿ ಅದು. ಗೆದ್ದಲನ್ನು ಕೊಲ್ಲುವುದು ರೇಷ್ಮೆ ಹುಳುವನ್ನು ಬಿಡುತ್ತದೆಯೇ? ತಂಬಾಕಿನ ಕೈ ತಾಕಿದರೆ ಸಾಯುವ ಹುಳು ಅದು. ಅದಕ್ಕೇ ಅಕ್ಕ ಮಾವನ ನಶ್ಯದ ಡಬ್ಬಿಯನ್ನು ಹುಳುವಿನ ಹತ್ತಿರ ತರಗೊಡುತ್ತಿರಲಿಲ್ಲ.

"ಮಾವ, ಇದು ಯಾರ ಮನೇದು?" ಎಂದೆ. ಅವರದೇ ಪ್ರಶ್ನೆ.

"ಯಾರ ಮನೇದೂ ಅಲ್ಲ. ಇದು ಮಣ್ಣು."

"ಇದೂ ಕಿತ್ತ ಮನೇದೇ ಅಲ್ವಾ? ಒಂದಲ್ಲ, ಎಷ್ಟು ಮನೇದೋ ಏನೋ."

"ಇಡಿಯಾಗಿದ್ರೆ ಮನೆ ಕಣಯ್ಯ, ಪುಡಿ ಆದ್ಮೇಲೆ ಮಣ್ಣು. ಮನುಷ್ಯ ಸತ್ರೆ ಸೂತಕ ಹಿಡಿತೀವಿ. ಸುಟ್ಟು ಬೂದಿ ಆದ್ಮೇಲೆ ನೀರಿಗೆ ಬಿಡಲ್ವಾ? ಆ ನೀರು ಕುಡಿಯಲ್ವಾ? ಪುಡಿಗೆ ಯಜಮಾನ ಇರಲ್ಲ, ದೋಷಾನೂ ಇರಲ್ಲ."

"ದೋಷ ಬಿಡಿ, ಗೆದ್ದಲು ಔಷಧಿ ಐತೆ ಇದ್ರಲ್ಲಿ. ಮೂಸಿ ನೋಡಿ."

ಅವರು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದರು. ಐವತ್ತು ವರ್ಷ ನಶ್ಯ ತಿಂದ ಮೂಗು. ಅದರ ಮುಂದೆ ಸತ್ತ ಎಮ್ಮೆ ಇಟ್ಟರೂ ಮಲ್ಲಿಗೆಯೇ.

"ನಂಗೇನೂ ಬರ್ತಿಲ್ಲಪ್ಪ. ನಿಂಗೆ ಬರ್ತಿರೋದು ಹೊಟ್ಟೆಕಿಚ್ಚಿನ ವಾಸ್ನೆ. ನಿನ್ನ ಕಲ್ಲು ಹಾಕ್ಲಿಲ್ಲ ಅಂತ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅಕ್ಕ ಗೇಟಿನ ತನಕ ಬಂದಳು. "ಮೇಲೆ ಕಾಂಕ್ರೀಟಾದ್ರೂ ಹಾಕ್ಸು" ಎಂದೆ. "ಬೆಳೆ ಆದ್ಮೇಲೆ ಹಾಕ್ಸಣ ಅಂತಾರೆ ಕಣೋ. ಈಗ ಸಗಣಿ ಸಾರಿಸಿದ್ರೆ ಸಾಕಂತೆ" ಎಂದಳು. ಆ ಮನೆಯಲ್ಲಿ ಅವಳ ಮಾತು ನಡೆಯುವುದು ಹುಳುವಿನ ಹತ್ತಿರ ಮಾತ್ರ.

ಆ ಮಣ್ಣನ್ನೇ ನೆಲಕ್ಕೆ ತುಂಬಿ, ಸಗಣಿ ಸಾರಿಸಿ, ಹುಳು ತಂದರು. ಮೊದಲ ಜ್ವರ, ಎರಡನೇ ಜ್ವರ ಸರಿಯಾಗೇ ಕಳೆಯಿತು. ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅಲ್ಲಿಯ ತನಕ ಹುಳು ಮೇಲಿನ ತಟ್ಟೆಗಳಲ್ಲಿತ್ತು, ಬಾಗಿಲು ಕಿಟಕಿ ತೆರೆದಿದ್ದವು. ಮೂರನೇ ಜ್ವರ ಎದ್ದ ಮೇಲೆ ಹುಳು ದಪ್ಪಗಾಗಿ ಜಾಗ ಸಾಲದೆ ಕೆಳಗಿನ ಅಟ್ಟಣೆಗಳಿಗೂ ಹರಡಿದರು. ಚಳಿ ಶುರುವಾಗಿದ್ದರಿಂದ ಬಾಗಿಲು ಮುಚ್ಚಿ ಒಳಗೆ ಕಾವು ಇಟ್ಟರು. ಒಳಗೆ ಬೆಚ್ಚಗಾದ ಹಾಗೆಲ್ಲ ನೆಲದ ವಾಸನೆ ಎದ್ದಿತು.

"ಹುಳ ತಲೆ ಎತ್ತಿ ಆಡಿಸ್ತಾವೆ ಕಣೋ" ಎಂದಳು ಅಕ್ಕ ಫೋನಿನಲ್ಲಿ. "ಸೊಪ್ಪು ಮುಟ್ತಿಲ್ಲ. ಹಸಿರು ನೀರು ಕಕ್ತಾವೆ."

ನಾನು ಹೋಗುವ ಹೊತ್ತಿಗೆ ಕೆಳಗಿನ ಅಟ್ಟಣೆಯ ಹುಳುಗಳೆಲ್ಲ ಬೆರಳಿನ ಗಾತ್ರದಿಂದ ಸುರುಟಿ ಗಿಡ್ಡವಾಗಿ ಬಿದ್ದಿದ್ದವು. ಮೇಲಿನವು ಇನ್ನೂ ಮೇಯುತ್ತಿದ್ದವು. ಅಕ್ಕ ಉಳಿದವನ್ನು ತಟ್ಟೆಗಳಲ್ಲಿ ಹೊತ್ತು ನಡುಮನೆಗೆ ಸಾಗಿಸುತ್ತಿದ್ದಳು. ಅಳುತ್ತಿರಲಿಲ್ಲ. ಅಡುಗೆಮನೆಯ ಬಾಗಿಲನ್ನು ಕಾಲಿನಿಂದ ಮುಚ್ಚಿಕೊಂಡು ಹೋದಳು, ಅಷ್ಟೆ. ನನಗೆ ಅದು ಅಳುವಿಗಿಂತ ಹೆಚ್ಚಾಗಿ ಕಂಡಿತು.

ಅವಳ ಮಾವ ಜಗಲಿಯ ಮೇಲೆ ಕೂತು ತೀರ್ಪು ಕೊಡುತ್ತಿದ್ದರು. "ನಾನು ಹೇಳ್ಲಿಲ್ವಾ? ಹುಳ ಮನೆ ಬಿಟ್ಟು ಹೋಗ್ಬಾರ್ದು. ಅದೂ ಅಲ್ದೆ ಆ ಕಲ್ಲುಗಳು ಬೇಲಿ ಹತ್ರ ಕೂತ್ಕೊಂಡು ದುರುಗುಟ್ಕೊಂಡು ನೋಡ್ತಾವೆ. ಕಿತ್ತ ಮನೆ ಕಲ್ಲಿನ ಕಣ್ಣು ಬಿದ್ದದೆ."

ಸತ್ತ ಹುಳುವಿನ ಕೆಳಗೆ ಅವರೇ ಸುರಿಸಿದ ಔಷಧಿ ಇದೆ, ಅಪರಾಧಿ ಮಾತ್ರ ಬೇಲಿಯಾಚೆ ಒರಗಿರುವ ನನ್ನ ಕಲ್ಲು! ನಾನು ಏನಾದರೂ ಅಂದುಬಿಡುತ್ತಿದ್ದೆ. ಅಕ್ಕ ಅಡ್ಡ ಬಂದಳು. ಅವಳ ಕೈಯಲ್ಲಿ ಎರಡು ಸ್ಟೀಲ್ ಡಬ್ಬಿಗಳಿದ್ದವು.

"ಮಾವ, ಕಲ್ಲಿಂದೋ ಮಣ್ಣಿಂದೋ ನೋಡೇ ಬುಡಣ" ಎಂದಳು. ಒಂದು ಡಬ್ಬಿಗೆ ಹುಳುಮನೆಯ ನೆಲದಿಂದ ಕೆರೆದ ಸಿಟಿ ಮಣ್ಣು ಹಾಕಿದಳು. ಆಮೇಲೆ ಬೇಲಿ ದಾಟಿ ಹೋಗಿ ಗುಂಡುಕಲ್ಲಿನಿಂದ ಒಂದು ಚಪ್ಪಡಿಯ ಮೂಲೆಗೆ ಏಟು ಕೊಟ್ಟು, ಬಿದ್ದ ಚೂರನ್ನು ಎರಡನೇ ಡಬ್ಬಿಗೆ ಹಾಕಿದಳು. ನನ್ನ ಚಪ್ಪಡಿಗೆ ಏಟು ಬಿದ್ದಾಗ ನನಗೆ ಬಿದ್ದಂತಾಯಿತು. ಎರಡರ ಮೇಲೂ ಸೊಪ್ಪು ಹಾಸಿ, ಗಟ್ಟಿ ಹುಳುಗಳನ್ನು ಬಿಟ್ಟು, ಮುಚ್ಚಳವನ್ನು ಸ್ವಲ್ಪವೇ ಸಂದಿ ಬಿಟ್ಟು ಮುಚ್ಚಿ, ಮಾವನ ಪಕ್ಕದಲ್ಲೇ ಇಟ್ಟಳು. "ನೀವೇ ಕಾಯ್ಕೊಂಡಿರಿ. ನಾನೇನೋ ಮಾಡ್ದೆ ಅನ್ಬೇಡಿ."

ಸಂಜೆಯ ಹಾಲು ಕರೆಯುವ ಹೊತ್ತಿಗೆ ಮುಚ್ಚಳ ತೆಗೆದರು. ಮಣ್ಣಿನ ಡಬ್ಬಿಯಲ್ಲಿ ಹುಳುಗಳು ಹಸಿರು ಕಕ್ಕಿ ಸುರುಟಿದ್ದವು. ಕಲ್ಲಿನ ಡಬ್ಬಿಯಲ್ಲಿ ಸೊಪ್ಪಿನ ದಂಟು ಮಾತ್ರ ಉಳಿದಿತ್ತು. ಒಂದು ಹುಳು ಕಲ್ಲಿನ ಚೂರಿನ ಮೇಲೆಯೇ ಹತ್ತಿ, ಇನ್ನೂ ಬೇಕು ಅನ್ನುವಂತೆ ತಲೆ ಎತ್ತಿಕೊಂಡಿತ್ತು.

ಮಾವ ಎರಡೂ ಡಬ್ಬಿಗಳ ಮೇಲೆ ಬಗ್ಗಿ ನೋಡಿದರು. ಈಗ ತಪ್ಪು ಒಪ್ಪಿಕೊಳ್ಳುತ್ತಾರೆ ಎಂದು ನಾನು ಕಾದೆ. ಅವರು ಎದೆ ಎತ್ತಿ ಹೇಳಿದರು:

"ಕಂಡ್ಯಾ? ನಾನು ಏನಂದಿದ್ದೆ? ಒಡೆದು ಚೂರಾದ್ರೆ ದೋಷ ಇರಲ್ಲ ಅಂತ. ಕಲ್ಲು ಒಡೀತು, ದೋಷ ಹೋಯ್ತು. ಹುಳ ಮೇಯ್ತು."

"ಮತ್ತೆ ಮಣ್ಣು? ಅದು ಪೂರ್ತಿ ಪುಡಿ ಆಗಿತ್ತಲ್ಲ ಮಾವ?"

"ಅದ್ರಾಗಿರೋದು ಔಷಧಿ ಅಂತ ನೀನೇ ಅಂದ್ಯಲ್ಲಯ್ಯ. ಔಷಧಿ ಬೇರೆ, ದೋಷ ಬೇರೆ."

ಅಕ್ಕ ನನ್ನ ತೋಳು ಚಿವುಟಿದಳು. ಗಟ್ಟಿಯಾಗಿ. ಆಮೇಲೆ ಬಹಳ ವಿನಯದಿಂದ, "ಹಂಗಾದ್ರೆ ಮಾವ, ಎಲ್ಲಾ ಚಪ್ಪಡಿದೂ ಒಂದೊಂದು ಮೂಲೆ ಒಡೆದ್ರೆ?" ಎಂದಳು.

"ಒಡೆದ್ರೆ ಆಗ್ತದೆ. ಇಡೀ ಕಲ್ಲು ಬೇಡ. ಒಡೆದ ಕಲ್ಲು ಯಾರ ಮನೇದೂ ಅಲ್ಲ."

"ಇನ್ನೊಂದು ಬೆಳೆ ನೋಡಣ ಮಾವ. ಅದೂ ಕೆಟ್ರೆ ನಾನೇ ಹಸ ತಂದು ಅಲ್ಲಿ ಕಟ್ತೀನಿ."

"ಕಡೇದು ಕಣಮ್ಮ. ಇದೊಂದೇ."

ಮೊದಲು ಆ ಸಿಟಿ ಮಣ್ಣನ್ನು ತೆಗೆಯಬೇಕಿತ್ತು. ಮಾವ ಮತ್ತೆ ರಸ್ತೆಗೆ ಹೋಗಿ ಟವೆಲು ಬೀಸಿದರು. ಲಾರಿಯವನು ನಿಲ್ಲಿಸಿ, ವಿಷಯ ಕೇಳಿ, "ಸುರಿಯೋಕೆ ಮಾತ್ರ ತಾತ, ತುಂಬೋಕಲ್ಲ" ಎಂದು ಹೋದ. ಅದನ್ನು ಅಗೆದು, ಒಂದಡಿ ಕೆಳಗಿನ ನೆಲವನ್ನೂ ಕೆರೆದು, ಮರ, ವೈರು, ಪ್ಲಾಸ್ಟಿಕ್ಕು, ಇಟ್ಟಿಗೆ, ಟೈಲ್ಸು ಬೇರೆ ಬೇರೆ ಮಾಡಿದವನು ನಾನು. ಔಷಧಿ ಹಿಡಿದ ಮಣ್ಣನ್ನೂ ಪ್ಲೈವುಡ್ಡನ್ನೂ ಬೇರೆ ಮೂಟೆ ಕಟ್ಟಿದೆ. ನನ್ನ ಟೆಂಪೋದಲ್ಲೇ ನಗರದ ಆ ಇಟ್ಟಿಗೆ ಕಾರ್ಖಾನೆಗೆ ಹೊತ್ತುಕೊಂಡು ಹೋದೆ.

"ಎಲ್ಲಿಂದ?" ಎಂದ ಗೇಟಿನವನು. ಊರು ಹೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಇಲ್ಲಿಂದ ಅಲ್ಲಿಗೆ ಹೋಗೋದು ನೋಡಿದೀನಿ. ಅಲ್ಲಿಂದ ಇಲ್ಲಿಗೆ ತಂದೋರು ನೀವೇ ಮೊದಲು." ಔಷಧಿಯ ಮೂಟೆ ಎಲ್ಲಿ ಹಾಕಬೇಕೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮೇಲಿನವರಿಗೆ ಫೋನು ಮಾಡಿದ. ಅವರಿಗೂ ಗೊತ್ತಿರಲಿಲ್ಲ, ಆದರೆ ಇಂಗ್ಲಿಷಿನಲ್ಲಿ ಗೊತ್ತಿರಲಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಹಿಡಿಯಿತು. ಕಡೆಗೆ ಒಂದು ಶೆಡ್ಡಿನಲ್ಲಿ ಬೇರೆಯಾಗಿ ಇಡಿಸಿದರು. ಊರಿನ ಕಸವನ್ನೆಲ್ಲ ಏನು ಮಾಡಬೇಕೆಂದು ಸಭೆ ಸೇರುವವರಿಗೆ ಒಂದು ಮೂಟೆ ಮಣ್ಣು ಹೆಚ್ಚಾಯಿತು.

ಅಗೆದ ಜಾಗಕ್ಕೆ ತೋಟದ ಮಣ್ಣು ತುಂಬಿ ಬಡಿದೆವು. ಆಮೇಲೆ ಚಪ್ಪಡಿ. ಒಡೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. ಸುತ್ತಿಗೆ ಗೊತ್ತಿಲ್ಲದವನು ಮೂಲೆಗೆ ಹೊಡೆದರೆ ಬಿರುಕು ನಡುವಿನ ತನಕ ಓಡುತ್ತದೆ. ನನ್ನ ಜೀವಮಾನವೆಲ್ಲ ಕಳೆದದ್ದು ಇಂಥ ಮೂಲೆಗಳನ್ನು ಉಳಿಸುವುದರಲ್ಲಿ. ಮನೆಗಳನ್ನು ಯಾಕೆ ಕೀಳಿಸುತ್ತಾರೆಂಬುದು ನನಗೆ ಗೊತ್ತಿಲ್ಲ, ಆದರೆ ಕಲ್ಲನ್ನು ಇಡಿಯಾಗಿ ಹೊರಗೆ ತರುವುದು ಗೊತ್ತಿತ್ತು. ಈಗ ಕೂತು, ಉಳಿ ಇಟ್ಟು, ಒಂದೊಂದಕ್ಕೂ ಏಟು ಹಾಕಿದೆ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಕ್ಕನ ಮಾವ.

"ಅದಕ್ಕೆ ಸಾಲ್ದು. ಇನ್ನೊಸಿ ಹೊಡಿ."

"ಇಷ್ಟು ಸಾಕು ಮಾವ."

"ದೋಷಕ್ಕೆ ಸಾಕಾ ಅಂತ ನೀನು ಹೇಳ್ತೀಯಾ, ನಾನು ಹೇಳ್ಬೇಕಾ?"

ಅಕ್ಕ ಎರಡು ಸಲ ಕಾಫಿ ತಂದಿಟ್ಟಳು. ನಾನು ಹೊಡೆದೆ. ಅವಳಿಗಲ್ಲದೆ ಇನ್ನು ಯಾರಿಗಾಗಿದ್ದರೂ ಆ ಸುತ್ತಿಗೆಯನ್ನು ತೋಟದ ಬಾವಿಗೆ ಎಸೆದು ಹೋಗುತ್ತಿದ್ದೆ.

ಚೂರುಗಳನ್ನು ಮಾತ್ರ ಬಿಸಾಡಲಿಲ್ಲ. ಒಂದು ಬಾಂಡ್ಲಿಯಲ್ಲಿ ಹಾಕಿಟ್ಟುಕೊಂಡೆ. ಹಾಸುವಾಗ ನಾಲ್ಕು ಚಪ್ಪಡಿಯ ಒಡೆದ ಮೂಲೆಗಳು ಒಂದೇ ಕಡೆ ಕೂಡುವಂತೆ ತಿರುಗಿಸಿದೆ. ಅಲ್ಲಿ ಅಂಗೈಯಗಲದ ಗುಂಡಿಯಾಗುತ್ತಿತ್ತು. ಆ ಗುಂಡಿಗೆ ಅದೇ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸಿದೆ. ಒಂದು ಚೂರೂ ಹೊರಗೆ ಉಳಿಯಲಿಲ್ಲ. ಮಾವ ನೋಡಿ, "ಡಿಸೈನು ಚೆನ್ನಾಗೈತಲ್ಲಯ್ಯ" ಎಂದರು. ಇಡೀ ಕಲ್ಲಿನ ಮೇಲೆಯೇ ನಿಂತಿದ್ದೀರಿ ಎಂದು ನಾನು ಹೇಳಲಿಲ್ಲ. ಪುಡಿಯಾದದ್ದಕ್ಕೆ ಯಜಮಾನನಿಲ್ಲ ಎಂಬುದು ಅವರದೇ ಕಾನೂನು, ಚೂರುಗಳನ್ನು ಮತ್ತೆ ಕೂಡಿಸಬಾರದೆಂದು ಅದರಲ್ಲಿಲ್ಲ. ಅವರು ಪಂಚಾಂಗ ಬಿಟ್ಟು ಬೇರೇನೂ ಓದುವುದಿಲ್ಲವಾದ್ದರಿಂದ ಇಲ್ಲಿ ಬರೆಯಲೂ ಅಡ್ಡಿಯಿಲ್ಲ.

ಮುಂದಿನ ಬೆಳೆಗೆ ಹುಳು ನಾಲ್ಕೂ ಜ್ವರ ಎದ್ದು, ಹಣ್ಣಾಗುವ ಹೊತ್ತಿಗೆ ನಾನು ಹೋದೆ. ಹುಳುಮನೆಯೊಳಗೆ ಕಾಲಿಟ್ಟರೆ ನೆಲ ತಣ್ಣಗಿತ್ತು. ಕೆಳಗಿನ ಅಟ್ಟಣೆಯಲ್ಲೂ ಹುಳು ತುಂಬಿತ್ತು. ಹಣ್ಣಾದವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ, ಸುರುಳಿ ಹೆಣೆದ ಬಿದಿರಿನ ತಟ್ಟೆಗೆ, ಬಿಡುತ್ತಿದ್ದರು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವುದಕ್ಕೆ ಇನ್ನು ಒಂದು ವಾರವೂ ಇರಲಿಲ್ಲ. ಊರಿನ ಇಬ್ಬರು ನೆಲ ನೋಡಲು ಬಂದಿದ್ದರು. ಮಾವ ಅವರಿಗೆ ವಿವರಿಸುತ್ತಿದ್ದರು, ಕಲ್ಲು ತರಿಸಿದ್ದು, ಒಡೆಸಿದ್ದು, ಹಾಸಿಸಿದ್ದು ಎಲ್ಲ ತಾವೇ ಎಂಬಂತೆ. ನಾನು ಜಗಲಿಗೆ ಬಂದು ಕೂತೆ. ಫೋನು ಬಂತು.

"ಅಣ್ಣೋ, ಮಂಡಿಕಲ್ಲು ಊರಿಂದ ಮಾತಾಡ್ತಿರೋದು. ನಿಮ್ಮತ್ರ ಮೂಲೆ ಒಡೆದ ಚಪ್ಪಡಿ ಸಿಗ್ತದಂತಲ್ಲ, ಹುಳುಮನೇಗೆ?"

"ಇಡೀ ಚಪ್ಪಡಿ ಐತೆ."

"ಇಡೀದು ಬೇಡಣ್ಣ. ಒಡೆದದ್ದೇ ಬೇಕು. ನೀವೇ ಒಡೆದು ಕಳಿಸ್ಬುಡಿ."

"ನಾನು ಒಡೆಯೋನಲ್ಲಪ್ಪ, ಬಿಚ್ಚೋನು. ಬೇಕಿದ್ರೆ ಇಡೀದು ತಗೊಂಡೋಗಿ, ನಿಮ್ಮನೇಲಿ ಯಾರಾದ್ರೂ ದೊಡ್ಡೋರು ಇರ್ತಾರಲ್ಲ, ಅವರತ್ರ ಒಡೆಸ್ಕೊಳಿ."

ಆಗ ಒಳಗಿಂದ ಚೊಯ್ ಎಂದು ಸದ್ದು ಬಂತು. ಹಿತ್ತಲ ತಗಡಿನ ಮರೆಯಿಂದಲ್ಲ, ಅಡುಗೆಮನೆಯಿಂದ. ಒಣಮೆಣಸಿನಕಾಯಿ, ಸಾಸಿವೆ, ಬೆಳ್ಳುಳ್ಳಿ. ಘಾಟು ನಡುಮನೆ ದಾಟಿ ಜಗಲಿಗೆ ಬಂತು. ನೆಲ ತೋರಿಸಿ ವಾಪಸ್ ಬರುತ್ತಿದ್ದ ಅಕ್ಕನ ಮಾವ ಹೊಸ್ತಿಲಲ್ಲೇ ನಿಂತು ಸೀನಿದರು. ನಶ್ಯಕ್ಕೂ ಸೀನದ ಆ ಮೂಗು, ಒಂದರ ಮೇಲೊಂದು ಸೀನಿತು.

"ಅಯ್ಯೋ, ಏನಮ್ಮ ಈ ಘಾಟು! ಕಿಟಕಿನಾದ್ರೂ ತೆಗಿ!"

ಒಳಗೆ ಅಕ್ಕ ಕೆಮ್ಮುತ್ತಿದ್ದಳು, ಕೆಮ್ಮುತ್ತಲೇ ಇನ್ನೊಂದು ಮೆಣಸಿನಕಾಯಿ ಮುರಿದು ಹಾಕಿದ ಸದ್ದು ಕೇಳಿಸಿತು. ಕಿಟಕಿ ತೆಗೆಯಲಿಲ್ಲ.